ವಾರಿಯರ್ಸ್ ಬೆಕ್ಕುಗಳು: ಯಾವ ಪುಸ್ತಕದಿಂದ ಶುರು ಮಾಡೋದು?

ಎರಿನ್ ಹಂಟರ್ ಹೆಸರಿನಲ್ಲಿ ಬರುವ ‘ವಾರಿಯರ್ಸ್’ ಕಾಡಿನಲ್ಲಿ ಕುಲ ಕಟ್ಟಿಕೊಂಡು ಬದುಕುವ ಬೆಕ್ಕುಗಳ ಕಥೆ, ಇಂಗ್ಲಿಷಿನ ಮಕ್ಕಳ ಕಾದಂಬರಿ ಸರಣಿ. ಆ ಪುಸ್ತಕಗಳನ್ನೆಲ್ಲ ಜೋಡಿಸಿದರೆ ಒಂದು ಕಪಾಟೇ ತುಂಬುತ್ತದೆ. ಮೊದಲ ಪುಸ್ತಕ ‘ಇನ್‌ಟು ದ ವೈಲ್ಡ್’ ಬಂದದ್ದು 2003ರಲ್ಲಿ. ಆರು ಪುಸ್ತಕಗಳಿಗೆ ಒಂದು ದೊಡ್ಡ ಕಥೆ ಮುಗಿಯುತ್ತದೆ, ಅದನ್ನು ಅಭಿಮಾನಿಗಳು ‘ಆರ್ಕ್’ ಅಂತ ಕರೆಯುತ್ತಾರೆ. ಅಂಥ ಎಂಟು ಆರ್ಕ್ ಮುಗಿದಿವೆ, 2025ರಲ್ಲಿ ಒಂಬತ್ತನೆಯದು ಶುರುವಾಗಿದೆ. ಇಷ್ಟು ಸಾಲದು ಅಂತ ‘ಸೂಪರ್ ಎಡಿಷನ್’ ಎಂಬ ದಪ್ಪ ಪುಸ್ತಕಗಳು, ಮಾಂಗಾ (ಜಪಾನಿ ಶೈಲಿಯ ಕಾಮಿಕ್), ಬಣ್ಣದ ಗ್ರಾಫಿಕ್ ನಾವೆಲ್, ಕುಲಗಳ ಪರಿಚಯದ ಪುಸ್ತಕಗಳು ಬೇರೆ.

ಮಕ್ಕಳು ರೋಬ್ಲಾಕ್ಸ್ ಆಟದಲ್ಲೋ ಯೂಟ್ಯೂಬಿನ ಅನಿಮೇಷನ್‌ನಲ್ಲೋ ಈ ಬೆಕ್ಕುಗಳನ್ನು ನೋಡಿ ಪುಸ್ತಕ ಬೇಕು ಅಂತ ಹಟ ಹಿಡಿಯುತ್ತಾರೆ. ಕೊಡಿಸುವವರಿಗೆ ತಲೆಬುಡ ಗೊತ್ತಾಗುವುದಿಲ್ಲ. ದೊಡ್ಡವರೂ ಇದೇ ಪ್ರಶ್ನೆ ಕೇಳುತ್ತಾರೆ: ಬಂದ ಕ್ರಮದಲ್ಲಿ ಓದಬೇಕಾ, ಕಥೆಯ ಕಾಲದ ಕ್ರಮದಲ್ಲಾ, ಅಥವಾ ಎಲ್ಲರೂ ಹೊಗಳುವ ಒಂದನ್ನು ಎತ್ತಿಕೊಂಡರೆ ಸಾಕಾ?

ಅಭಿಮಾನಿಗಳನ್ನು ಕೇಳಿದರೆ ಹತ್ತು ಜನ ಹನ್ನೊಂದು ಉತ್ತರ ಕೊಡುತ್ತಾರೆ. ಪ್ರತಿಯೊಬ್ಬರಿಗೂ ತಾವು ಎಂಟು ಹತ್ತು ವಯಸ್ಸಿನಲ್ಲಿ ಮೊದಲು ಓದಿದ ಆರ್ಕ್ ಶ್ರೇಷ್ಠ. ಹಾಗಾಗಿ ಅವರ ಹೊಗಳಿಕೆಯಿಂದ ನಮಗೆ ಜಾಸ್ತಿ ಏನೂ ಸಿಗುವುದಿಲ್ಲ. ಅವರ ದೂರುಗಳನ್ನು ಕೇಳಿ, ಅಲ್ಲಿ ಮಾಲು ಇದೆ. ‘ಈ ಆರ್ಕ್‌ನಲ್ಲಿ ಬರೀ ಪ್ರೇಮದ ಗೋಳು’ ಅಂತ ಒಬ್ಬ ಬೈದರೆ, ಪ್ರೇಮಕಥೆ ಬೇಕಾದ ಹದಿಮೂರರ ಹುಡುಗಿಗೆ ಅದೇ ಸರಿಯಾದ ಪುಸ್ತಕ. ಈ ಬರಹದಲ್ಲಿ ನಾನು ಆ ದೂರುಗಳನ್ನೇ ಹಿಡಿದು ತೂಗಿದ್ದೇನೆ.

ಮೊದಲು ಅಳತೆಗೋಲು

ನಾನು ನೋಡುವುದು ಐದು ಸಂಗತಿ.

ಒಂದು, ಹಿಂದಿನದು ಓದದಿದ್ದರೂ ಅರ್ಥವಾಗುತ್ತದಾ? ಎರಡು, ಎಷ್ಟು ಹೆಸರು ನೆನಪಿಡಬೇಕು? ಪ್ರತಿ ಕಾದಂಬರಿಯ ಶುರುವಿನಲ್ಲೂ ಕುಲವಾರು ಬೆಕ್ಕುಗಳ ಪಟ್ಟಿ ಇರುತ್ತದೆ. ಮದುವೆ ಕರೆಯೋಲೆಯಲ್ಲಿ ‘ಸುಖಾಗಮನ ಬಯಸುವವರು’ ಅಂತ ಇರುತ್ತಲ್ಲ, ಅಷ್ಟುದ್ದ. ಮೂರು, ರಕ್ತ ಎಷ್ಟು? ಪ್ರಕಾಶಕರು ಇದನ್ನು 8ರಿಂದ 12 ವಯಸ್ಸಿನವರಿಗೆ ಅಂತ ಮಾರುತ್ತಾರೆ. ಆದರೆ ಇಲ್ಲಿ ಮರಿಗಳು ಸಾಯುತ್ತವೆ, ಕೊಲೆ ಆಗುತ್ತದೆ, ಒಂದು ಹುಡುಗಿ ಬೆಕ್ಕಿನ ಅರ್ಧ ಮುಖವನ್ನು ನಾಯಿಗಳು ಹರಿದುಬಿಡುತ್ತವೆ. ನಾಲ್ಕು, ಓದಿ ಅಲ್ಲಿಗೇ ನಿಲ್ಲಿಸಬಹುದಾ, ಅಥವಾ ಮುಂದಿನದನ್ನು ಕೊಳ್ಳಲೇಬೇಕಾದ ಕೊಕ್ಕೆ ಇದೆಯಾ? ಐದು, ದುಡ್ಡು.

ಇಂಗ್ಲಿಷಿನ ಬಗ್ಗೆಯೂ ಒಂದು ಮಾತು. ವಾಕ್ಯಗಳು ಚಿಕ್ಕವು, ಸುಲಭ. ಕಷ್ಟ ಕೊಡುವುದು ಗಿಡ, ಪ್ರಾಣಿಗಳ ಹೆಸರು. ಕಥೆಯ ಕಾಡಿಗೆ ಮಾದರಿ ಇಂಗ್ಲೆಂಡಿನ ನ್ಯೂ ಫಾರೆಸ್ಟ್. ಬ್ರ್ಯಾಕನ್, ಗಾರ್ಸ್, ಹೆದರ್, ಬ್ಯಾಡ್ಜರ್ ಅಂತ ಪುಟಪುಟದಲ್ಲೂ ಬರುತ್ತವೆ. ನಮ್ಮ ಮಗು ಬ್ಯಾಡ್ಜರ್ ಎಲ್ಲಿ ನೋಡಿರುತ್ತದೆ? ಒಮ್ಮೆ ಚಿತ್ರ ತೋರಿಸಿಬಿಟ್ಟರೆ ಆಯಿತು. ವೈದ್ಯ ಬೆಕ್ಕುಗಳ ಔಷಧಿ ಮಾತ್ರ ನಮಗೆ ಅಷ್ಟೇನೂ ಹೊಸದಲ್ಲ. ರಕ್ತ ನಿಲ್ಲಿಸಲು ಜೇಡರ ಬಲೆ, ನೋವಿದ್ದವರು ನಿದ್ದೆ ಮಾಡಲು ಗಸಗಸೆ. ಗಸಗಸೆ ಪಾಯಸ ಕುಡಿದು ಮಧ್ಯಾಹ್ನ ಮಲಗಿದವರಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ.

ಆಯ್ಕೆ ಒಂದು: ಮೊದಲ ಆರ್ಕ್, ‘ದ ಪ್ರಾಫೆಸೀಸ್ ಬಿಗಿನ್’

2003, 2004ರಲ್ಲಿ ಬಂದ ಆರು ಪುಸ್ತಕ. ರಸ್ಟಿ ಎಂಬ ಕೆಂಚು ಸಾಕುಬೆಕ್ಕು ಮನೆ ಬಿಟ್ಟು ಕಾಡಿನ ಥಂಡರ್‌ಕ್ಲ್ಯಾನ್ ಎಂಬ ಕುಲ ಸೇರುವ ಕಥೆ. ನಮ್ಮ ಹಾಗೆ ಅವನಿಗೂ ಕಾಡಿನ ಕಟ್ಟಳೆ ಒಂದೂ ಗೊತ್ತಿಲ್ಲ. ಅವನು ಕಲಿಯುತ್ತಾ ಹೋದ ಹಾಗೆ ನಾವೂ ಕಲಿಯುತ್ತೇವೆ. ಮೊದಲ ದಿನ ಶಿಬಿರಕ್ಕೆ ಬಂದಾಗ ಲಾಂಗ್‌ಟೇಲ್ ಎಂಬ ಯೋಧ ಎಲ್ಲರೆದುರು ಅವನನ್ನು ‘ಕಿಟ್ಟಿಪೆಟ್’, ಅಂದರೆ ಮನುಷ್ಯರ ಸಾಕುಬೆಕ್ಕು, ಅಂತ ಹೀಯಾಳಿಸುತ್ತಾನೆ. ರಸ್ಟಿ ಮೈಮೇಲೆ ಬೀಳುತ್ತಾನೆ. ಜಟಾಪಟಿಯಲ್ಲಿ ಅವನ ಕೊರಳಪಟ್ಟಿ ಕಿತ್ತು ಬರುತ್ತದೆ. ನಾಯಕಿ ಬ್ಲೂಸ್ಟಾರ್ ಆ ಪಟ್ಟಿಯನ್ನು ಎತ್ತಿ ತೋರಿಸಿ, ಬಿಸಿಲಿನಲ್ಲಿ ಬೆಂಕಿಯ ಹಾಗೆ ಹೊಳೆಯುವ ಅವನ ಮೈ ನೋಡಿ, ಫೈರ್‌ಪಾ ಅಂತ ಹೆಸರಿಡುತ್ತಾಳೆ. ಈ ಒಂದು ದೃಶ್ಯದಲ್ಲಿ ಇಡೀ ಸರಣಿಯ ರುಚಿ ಇದೆ. ಇದು ಹಿಡಿಸಿದರೆ ಉಳಿದದ್ದೂ ಹಿಡಿಸುತ್ತದೆ. ಹಿಡಿಸದಿದ್ದರೆ ಮುಂದೆ ಕೊಳ್ಳಬೇಡಿ, ದುಡ್ಡು ಉಳಿಯಿತು.

ಅಭಿಮಾನಿಗಳ ದೂರು ಏನು? ನಾಯಕ ಅತಿ ಒಳ್ಳೆಯವನು ಅಂತ ಒಂದು. ಕೇಡಿ ಯಾರು ಅಂತ ಮೊದಲ ಪುಸ್ತಕದಲ್ಲೇ ಓದುಗನಿಗೆ ಗೊತ್ತಾಗಿಬಿಡುತ್ತದೆ, ಮಿಕ್ಕ ಬೆಕ್ಕುಗಳಿಗೆ ಗೊತ್ತಾಗಲು ಕಾಯಬೇಕು ಅಂತ ಇನ್ನೊಂದು. ಎರಡೂ ನಿಜ. ಆದರೆ ಒಂಬತ್ತು ಹತ್ತರ ಮಕ್ಕಳಿಗೆ ಇದೇ ಖುಷಿ ಕೊಡುತ್ತದೆ: ‘ಅಯ್ಯೋ, ಅವನನ್ನ ನಂಬಬೇಡ!’ ಅಂತ ಪುಸ್ತಕಕ್ಕೇ ಕೂಗಿ ಹೇಳುವ ಖುಷಿ.

ಗಾಯಗೊಂಡು ಅಂಗ ಊನವಾದ ಬೆಕ್ಕುಗಳನ್ನು ಕಥೆ ನಡೆಸಿಕೊಳ್ಳುವ ರೀತಿಯ ಬಗ್ಗೆಯೂ ಆಕ್ಷೇಪ ಇದೆ, ಅದು ಗಟ್ಟಿಯಾದ ಆಕ್ಷೇಪ. ಸಿಂಡರ್‌ಪಾ ಎಂಬ ಎಳೆಯ ಬೆಕ್ಕಿಗೆ ಕಾರು ಬಡಿದು ಕಾಲು ಶಾಶ್ವತವಾಗಿ ಊನವಾಗುತ್ತದೆ. ಅಲ್ಲಿಗೆ ಯೋಧಳಾಗುವ ಅವಳ ಆಸೆ ಮುಗಿಯಿತು, ವೈದ್ಯೆಯಾಗಬೇಕು. ‘ಯಾಕೆ, ಬೇರೆ ದಾರಿ ಇರಲಿಲ್ವಾ?’ ಅಂತ ಓದುಗರು ಇವತ್ತಿಗೂ ಕೇಳುತ್ತಾರೆ. ಮಗು ಓದಿ ಮುಗಿಸಿದ ಮೇಲೆ ಮಾತಾಡಲು ಇದು ಒಳ್ಳೆಯ ವಿಷಯ.

ಐದೂ ಅಳತೆಗೆ ಹಿಡಿದರೆ ಇದು ಗೆಲ್ಲುತ್ತದೆ. ಹಿಂದಿನದೇನೂ ಬೇಡ. ಹೆಸರುಗಳು ನಿಧಾನಕ್ಕೆ ಪರಿಚಯವಾಗುತ್ತವೆ. ಆರನೆಯ ಪುಸ್ತಕ ‘ದ ಡಾರ್ಕೆಸ್ಟ್ ಅವರ್’ ಮುಗಿದಾಗ ಕಥೆ ನಿಜವಾಗಿಯೂ ಮುಗಿಯುತ್ತದೆ, ಅಲ್ಲೇ ನಿಲ್ಲಿಸಿದರೂ ಯಾವ ಕೊರತೆಯೂ ಇಲ್ಲ. ರಕ್ತ ಮಾತ್ರ ಇದೆ. ನಾಯಿಗಳ ಹಿಂಡು ಬರುವ ಐದನೆಯ ಪುಸ್ತಕ ‘ಎ ಡೇಂಜರಸ್ ಪಾತ್’ ಅನ್ನು ಬೇಗ ಹೆದರುವ ಮಕ್ಕಳಿಗೆ ರಾತ್ರಿ ಮಲಗುವ ಹೊತ್ತಿಗೆ ಕೊಡಬೇಡಿ.

ಆಯ್ಕೆ ಎರಡು: ಚಿತ್ರದ ಪುಸ್ತಕಗಳು

ದಪ್ಪ ಪುಸ್ತಕ ಕಂಡರೆ ಓಡಿಹೋಗುವ ಮಗುವಿಗೆ ಇದು. ಇದರಲ್ಲೂ ಎರಡು ಬಗೆ ಇದೆ, ಗೊಂದಲ ಮಾಡಿಕೊಳ್ಳಬೇಡಿ.

2007ರಿಂದ ಬಂದ ಮಾಂಗಾಗಳು ಕಾದಂಬರಿಗಳ ನಡುವಿನ ಸಂದುಗಳನ್ನು ತುಂಬುವ ಕಥೆಗಳು. ಮನುಷ್ಯರ ಕೈಗೆ ಸಿಕ್ಕ ಗ್ರೇಸ್ಟ್ರೈಪ್ ಎಂಬ ಬೆಕ್ಕು ವಾಪಸ್ ಬರುವ ಮೂರು ಪುಸ್ತಕ ಇದೆ. ಎರಡನೇ ಆರ್ಕ್ ಓದದೆ ಅದನ್ನು ಕೈಗೆತ್ತಿಕೊಂಡರೆ ಅವನು ಎಲ್ಲಿಗೆ ವಾಪಸ್ ಹೋಗಬೇಕು ಅಂತಲೇ ತಿಳಿಯುವುದಿಲ್ಲ. ‘ದ ರೈಸ್ ಆಫ್ ಸ್ಕರ್ಜ್’ ಮಾತ್ರ ಬೇರೆ. ಸ್ಕರ್ಜ್ ಎಂಬ ಪುಟಾಣಿ ಕಪ್ಪು ಬೆಕ್ಕು ಮೊದಲ ಆರ್ಕ್‌ನಲ್ಲಿ ಕಾಣಿಸಿಕೊಳ್ಳುವುದು ಕೊನೆಯ ಪುಸ್ತಕದಲ್ಲಿ ಮಾತ್ರ. ಆದರೂ ಅಭಿಮಾನಿಗಳು ಅತಿ ಹೆಚ್ಚು ಚಿತ್ರ ಬಿಡಿಸಿರುವ ಪಾತ್ರಗಳಲ್ಲಿ ಅವನೂ ಒಬ್ಬ. ಒಂದು ಕಾಲು ಬಿಳಿ, ಕೊರಳಲ್ಲಿ ಹಲ್ಲು ಸಿಕ್ಕಿಸಿದ ಪಟ್ಟಿ, ಬಿಡಿಸಲು ಸುಲಭ, ನೋಡಲು ಭಯಂಕರ! ಅವನು ಹಾಗೆ ಯಾಕಾದ ಅಂತ ಈ ಮಾಂಗಾ ಹೇಳುತ್ತದೆ.

2024ರಿಂದ ಮೊದಲ ಆರ್ಕ್‌ನದೇ ಬಣ್ಣದ ಗ್ರಾಫಿಕ್ ನಾವೆಲ್ ಬರುತ್ತಿದೆ. ಇದರಿಂದ ನೇರವಾಗಿ ಶುರು ಮಾಡಬಹುದು. ಅನುಕೂಲ ಏನೆಂದರೆ ಬೆಕ್ಕುಗಳ ಬಣ್ಣ, ಗುರುತು ಕಣ್ಣಿಗೇ ಕಾಣುತ್ತದೆ, ಹೆಸರಿನ ಪಟ್ಟಿ ತಿರುವಿ ನೋಡುವ ಕೆಲಸ ಇಲ್ಲ. ಅನಾನುಕೂಲ, ಪುಟಕ್ಕೆ ಲೆಕ್ಕ ಹಾಕಿದರೆ ದುಬಾರಿ. ಒಂದೇ ಮಧ್ಯಾಹ್ನದಲ್ಲಿ ಓದಿ ಮುಗಿಸಿ ‘ಮುಂದಿನದು?’ ಅಂತ ಕೈ ಚಾಚುತ್ತಾರೆ.

ಆಯ್ಕೆ ಮೂರು: ಕಥೆಯ ಕಾಲದ ಕ್ರಮದಲ್ಲಿ, ‘ಡಾನ್ ಆಫ್ ದ ಕ್ಲ್ಯಾನ್ಸ್’

ಬಂದ ಲೆಕ್ಕದಲ್ಲಿ ಇದು ಐದನೆಯ ಆರ್ಕ್, 2013ರಿಂದ 2015. ಕಥೆಯ ಲೆಕ್ಕದಲ್ಲಿ ಎಲ್ಲಕ್ಕಿಂತ ಮೊದಲು: ಬೆಟ್ಟದಿಂದ ಇಳಿದು ಬಂದ ಬೆಕ್ಕುಗಳು ಕುಲಗಳಾಗಿ ಒಡೆದದ್ದು ಹೇಗೆ. ಎಲ್ಲವನ್ನೂ ಮೊದಲಿಂದ ಓದಬೇಕು ಅನ್ನುವ ಶಿಸ್ತಿನವರಿಗೆ ಇದರ ಸೆಳೆತ ಜಾಸ್ತಿ.

ದೊಡ್ಡವರು ಇದರಿಂದ ಶುರು ಮಾಡಿದರೆ ನನ್ನ ಅಡ್ಡಿ ಇಲ್ಲ. ಬಹುಪಾಲು ಪಾತ್ರಗಳು ಬೆಳೆದವರು. ಗ್ರೇ ವಿಂಗ್ ಮತ್ತು ಕ್ಲಿಯರ್ ಸ್ಕೈ ಅಣ್ಣತಮ್ಮಂದಿರು, ಒಬ್ಬನಿಗೆ ಎಲ್ಲರೂ ಬೇಕು, ಇನ್ನೊಬ್ಬನಿಗೆ ಗಡಿ ಬೇಕು. ಜಮೀನಿಗಾಗಿ ಅಣ್ಣತಮ್ಮಂದಿರು ಹೊಡೆದಾಡಿಕೊಳ್ಳುವುದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಭಿಮಾನಿಗಳ ದೊಡ್ಡ ತಕರಾರು ಕ್ಲಿಯರ್ ಸ್ಕೈ ಬಗ್ಗೆಯೇ. ಅವನು ಮಾಡಿದ್ದನ್ನೆಲ್ಲ ಮಾಡಿ, ಇಷ್ಟು ಸಲೀಸಾಗಿ ಕ್ಷಮೆ ಸಿಗುವುದಾ ಅಂತ. ನನಗೂ ಹಾಗೇ ಅನಿಸಿತು.

ಮಕ್ಕಳಿಗೆ ಮೊದಲ ಪುಸ್ತಕವಾಗಿ ಇದನ್ನು ಕೊಡಬೇಡಿ ಅನ್ನುತ್ತೇನೆ. ಕುಲಗಳು, ಸ್ಟಾರ್‌ಕ್ಲ್ಯಾನ್ (ಸತ್ತ ಪೂರ್ವಜ ಬೆಕ್ಕುಗಳ ಲೋಕ), ಯೋಧರ ನಿಯಮ ಇವೆಲ್ಲ ಹುಟ್ಟುವುದನ್ನು ನೋಡುವ ರೋಮಾಂಚನ, ಅವು ಏನು ಅಂತ ಮೊದಲೇ ಗೊತ್ತಿದ್ದರೆ ಮಾತ್ರ ಸಿಗುತ್ತದೆ.

ಆಯ್ಕೆ ನಾಲ್ಕು: ಒಂದೇ ಒಂದು ಸೂಪರ್ ಎಡಿಷನ್

ಐನೂರು ಪುಟದ ಆಸುಪಾಸು, ಒಂದು ಬೆಕ್ಕಿನ ಬದುಕು, ಒಂದೇ ಸಂಪುಟ. ಒಂದು ಕೊಂಡರೆ ಸಾಕು ಅನ್ನುವವರಿಗೆ ಇದು ಸರಿ ಅನಿಸುತ್ತದೆ. ಅಭಿಮಾನಿಗಳು ಜಾಸ್ತಿ ಹೊಗಳುವುದು ‘ಬ್ಲೂಸ್ಟಾರ್ಸ್ ಪ್ರಾಫೆಸಿ’, ‘ಕ್ರುಕೆಡ್‌ಸ್ಟಾರ್ಸ್ ಪ್ರಾಮಿಸ್’, ‘ಯೆಲ್ಲೋಫ್ಯಾಂಗ್ಸ್ ಸೀಕ್ರೆಟ್’ ಈ ಮೂರನ್ನು.

ಇಲ್ಲಿ ಒಂದು ಬಲೆ ಇದೆ. ‘ಬ್ಲೂಸ್ಟಾರ್ಸ್ ಪ್ರಾಫೆಸಿ’ ಅವಳ ಮರಿತನದ ಕಥೆ ತಾನೇ, ಮೊದಲ ಆರ್ಕ್‌ಗಿಂತ ಹಿಂದಿನದು ತಾನೇ ಅಂತ ಅದನ್ನೇ ಮೊದಲು ಓದಿದರೆ ಕೆಟ್ಟಿರಿ. ಅದರ ಮುನ್ನುಡಿಯಲ್ಲೇ ಮೊದಲ ಆರ್ಕ್‌ನ ದೊಡ್ಡ ಘಟನೆಯೊಂದು ಬಯಲಾಗುತ್ತದೆ. ಒಳಗೆ ಇನ್ನೊಂದು ಗುಟ್ಟೂ ಇದೆ. ಮೊದಲ ಆರ್ಕ್ ಮುಗಿಸಿ ಇದನ್ನು ಓದಿದರೆ, ಅಷ್ಟು ಗಟ್ಟಿಗಿತ್ತಿ ಆ ಮೇಲೆ ಯಾಕೆ ಹಾಗೆ ಕುಸಿದಳು ಅಂತ ಅರ್ಥವಾಗುತ್ತದೆ. ಹಿಮದ ರಾತ್ರಿ ಮೂರು ಮರಿಗಳನ್ನು ಕರೆದುಕೊಂಡು ಹೊರಡುವ ಅಧ್ಯಾಯದಲ್ಲಿ ಅಳದವರು ಕಡಿಮೆ.

ಹಿಂದೆಮುಂದೆ ಗೊತ್ತಿಲ್ಲದೆ ಒಂದೇ ಸೂಪರ್ ಎಡಿಷನ್ ಓದಲೇಬೇಕು ಅಂದರೆ ‘ಕ್ರುಕೆಡ್‌ಸ್ಟಾರ್ಸ್ ಪ್ರಾಮಿಸ್’ ಇರಲಿ. ದವಡೆ ಮುರಿದುಕೊಂಡ ಮರಿ, ಅವನನ್ನು ದೂರ ತಳ್ಳುವ ತಾಯಿ, ಕನಸಿನಲ್ಲಿ ಬಂದು ಆಣೆ ಮಾಡಿಸಿಕೊಳ್ಳುವ ಒಬ್ಬಳು. ಸಾವುನೋವು ವಿಪರೀತ, ಹನ್ನೆರಡಕ್ಕಿಂತ ಚಿಕ್ಕವರಿಗೆ ನಾನು ಕೊಡುವುದಿಲ್ಲ.

ಆಯ್ಕೆ ಐದು: ಗೆಳೆಯರು ಓದುತ್ತಿರುವ ಹೊಸ ಆರ್ಕ್‌ನಿಂದ

ಕ್ಲಾಸಿನಲ್ಲಿ ಎಲ್ಲರೂ ಹೊಸದನ್ನು ಓದುತ್ತಿರುವಾಗ 2003ರ ಪುಸ್ತಕ ಕೊಟ್ಟರೆ ಮಗು ಮುಖ ಊದಿಸಿಕೊಳ್ಳಬಹುದು. ಹಾಗಿದ್ದರೆ ಆರನೆಯ ಆರ್ಕ್ ‘ಎ ವಿಷನ್ ಆಫ್ ಶ್ಯಾಡೋಸ್’ ಪರವಾಗಿಲ್ಲ. ಆಲ್ಡರ್‌ಪಾ ಅಂಜುಬುರುಕ, ಟ್ವಿಗ್ ಮತ್ತು ವಯಲೆಟ್ ಬೇರೆಬೇರೆ ಕುಲದಲ್ಲಿ ಬೆಳೆಯುವ ಅಕ್ಕತಂಗಿ. ಡಾರ್ಕ್‌ಟೇಲ್ ಎಂಬ ಕೇಡಿ ನಿಜಕ್ಕೂ ಬೆನ್ನು ನಡುಗಿಸುತ್ತಾನೆ. ಮೊದಲ ಮೂರು ಪುಸ್ತಕ ಓಟ, ಆಮೇಲಿನ ಮೂರು ಎಳೆತ ಅನ್ನುವುದು ಸಾಮಾನ್ಯ ದೂರು, ನನ್ನ ಅಭಿಪ್ರಾಯವೂ ಅದೇ.

ಎಂಟನೆಯದಾದ ‘ಎ ಸ್ಟಾರ್‌ಲೆಸ್ ಕ್ಲ್ಯಾನ್’ (2022–2024) ನಾಯಕನಿಲ್ಲದ ರಿವರ್‌ಕ್ಲ್ಯಾನ್ ಕಥೆ. ರಾಜಕೀಯ ಚೆನ್ನಾಗಿದೆ, ಆದರೆ ಹಳೆಯ ನಿಯಮಗಳು ಬದಲಾದದ್ದರ ಮೇಲೆ ಕಥೆ ನಿಂತಿದೆ. ಹಳೆಯದು ಗೊತ್ತಿಲ್ಲದವರಿಗೆ ಈ ಗಲಾಟೆ ಯಾಕೆ ಅಂತ ಅನಿಸುತ್ತದೆ. ಏಳನೆಯದರಿಂದ, ಅಂದರೆ ‘ದ ಬ್ರೋಕನ್ ಕೋಡ್’ನಿಂದ, ದಯವಿಟ್ಟು ಶುರು ಮಾಡಬೇಡಿ. ಅದರ ಇಡೀ ಶಕ್ತಿ ಒಂದು ಹಳೆಯ ಜಗಳದಲ್ಲಿದೆ.

ಆ ಜಗಳದ ಬಗ್ಗೆ ಸ್ವಲ್ಪ

ಮುಂದಿನ ಎರಡು ಪ್ಯಾರಾಗಳಲ್ಲಿ ಮೂರನೆಯ ಆರ್ಕ್‌ನ ಗುಟ್ಟಿನ ಅಂಚು ಕಾಣುತ್ತದೆ. ಬೇಡದವರು ಮುಂದಕ್ಕೆ ಹೋಗಿ.

ಆಶ್‌ಫರ್ ಎಂಬ ಯೋಧ ಸ್ಕ್ವಿರಲ್‌ಫ್ಲೈಟ್‌ಳನ್ನು ಪ್ರೀತಿಸಿದ್ದ. ಅವಳು ಬೇರೆಯವನನ್ನು ಆರಿಸಿಕೊಂಡಳು. ‘ಲಾಂಗ್ ಶ್ಯಾಡೋಸ್’ ಪುಸ್ತಕದಲ್ಲಿ ಶಿಬಿರಕ್ಕೆ ಬೆಂಕಿ ಬೀಳುತ್ತದೆ. ಮೂವರು ಎಳೆಯರು ಬಂಡೆಯ ತುದಿಯಲ್ಲಿ ಸಿಕ್ಕಿಕೊಂಡಿದ್ದಾರೆ, ಪಾರಾಗಲು ಇರುವುದು ಒಂದು ಮರದ ಕೊಂಬೆ. ಆ ಕೊಂಬೆಯ ಆ ತುದಿಯಲ್ಲಿ ಆಶ್‌ಫರ್ ಬಂದು ನಿಂತುಬಿಡುತ್ತಾನೆ. ದಾರಿ ಬಿಡುವುದಿಲ್ಲ. ಅವರನ್ನು ಉಳಿಸಲು ಸ್ಕ್ವಿರಲ್‌ಫ್ಲೈಟ್ ಇಷ್ಟು ವರ್ಷ ಬಚ್ಚಿಟ್ಟ ಒಂದು ಸತ್ಯವನ್ನು ಹೇಳಬೇಕಾಗುತ್ತದೆ.

ಈ ದೃಶ್ಯದ ಮೇಲೆ ಓದುಗರು ಎರಡು ಪಕ್ಷವಾದರು. ಪಾಪ, ಮನಸ್ಸು ಮುರಿದವನು ಅಂತ ಒಂದು ಪಕ್ಷ. ತನಗೆ ಒಲಿಯದ ಹೆಣ್ಣಿನ ಮಕ್ಕಳನ್ನು ಸುಡಲು ಹೊರಟವನಿಗೆ ಎಂಥ ಪಾಪ ಅಂತ ಇನ್ನೊಂದು. ಸತ್ತ ಮೇಲೆ ಅವನಿಗೆ ಸ್ಟಾರ್‌ಕ್ಲ್ಯಾನ್‌ನಲ್ಲಿ ಜಾಗ ಸಿಕ್ಕಿತು, ಅವನ ತಪ್ಪು ಅತಿಯಾಗಿ ಪ್ರೀತಿಸಿದ್ದಷ್ಟೇ ಎಂಬ ಸಮರ್ಥನೆಯೂ ಬಂತು. ಎರಡನೆಯ ಪಕ್ಷದವರಿಗೆ ಮೈಯೆಲ್ಲ ಉರಿದುಹೋಯಿತು. ವರ್ಷಗಟ್ಟಲೆ ಈ ವಾದ ನಡೆಯಿತು, ಇದರ ಸುತ್ತ ಎಷ್ಟೋ ಅನಿಮೇಷನ್‌ಗಳು ಹುಟ್ಟಿದವು. ಏಳನೆಯ ಆರ್ಕ್ ಓದುವಾಗ ಆ ವಾದಕ್ಕೇ ಉತ್ತರ ಕೊಡುತ್ತಿದ್ದಾರೇನೋ ಅನಿಸುತ್ತದೆ. ಹೇಗೆ ಅಂತ ಹೇಳಲ್ಲ. ನಾನು ಎರಡನೆಯ ಪಕ್ಷ.

ಇದನ್ನು ಇಷ್ಟು ಹೇಳಿದ್ದಕ್ಕೆ ಕಾರಣ ಇದೆ. ಹದಿನಾಲ್ಕು ದಾಟಿದ ಓದುಗರಿಗೆ, ದೊಡ್ಡವರಿಗೆ, ಈ ಸರಣಿಯ ನಿಜವಾದ ಮಜಾ ಮೂರನೆಯ ಆರ್ಕ್ ‘ಪವರ್ ಆಫ್ ತ್ರೀ’ಯಲ್ಲಿದೆ. ಕಣ್ಣು ಕಾಣದ ಸಿಡುಕ ಜೇಪಾ ಇಡೀ ಸರಣಿಯ ಅತಿ ಒಳ್ಳೆಯ ಪಾತ್ರ ಅಂತ ನನ್ನ ಮತ. ನಡುವೆ ನಿಧಾನ ಇದೆ, ಬೆಕ್ಕುಗಳಿಗೆ ಅಲೌಕಿಕ ಶಕ್ತಿ ಯಾಕೆ ಬೇಕಿತ್ತು ಎಂಬ ದೂರೂ ಸರಿಯೇ. ಆದರೆ ಅಲ್ಲಿಗೆ ತಲುಪಲು ಮೊದಲ ಆರ್ಕ್ ಮತ್ತು ಎರಡನೆಯ ‘ದ ನ್ಯೂ ಪ್ರಾಫೆಸಿ’ ಓದಿರಲೇಬೇಕು. ಎರಡನೆಯದರಲ್ಲಿ ಸಮುದ್ರದವರೆಗಿನ ಪ್ರಯಾಣವನ್ನು ಎಲ್ಲರೂ ಮೆಚ್ಚುತ್ತಾರೆ, ಆಮೇಲಿನ ಪ್ರೇಮ ಪ್ರಸಂಗಗಳಿಗೆ ಅರ್ಧ ಜನ ಬೈಯುತ್ತಾರೆ. ನಾಲ್ಕನೆಯದು ‘ಓಮೆನ್ ಆಫ್ ದ ಸ್ಟಾರ್ಸ್’ ಮೂರನೆಯದರ ನೇರ ಮುಂದುವರಿಕೆ. ಅದನ್ನು ಬಿಟ್ಟು ನಿಲ್ಲಲು ಆಗುವುದಿಲ್ಲ. ಹಾಗಾಗಿ ಮೂರಕ್ಕೆ ಕೈ ಹಾಕಿದರೆ ನಾಲ್ಕರ ಖರ್ಚನ್ನೂ ಲೆಕ್ಕಕ್ಕೆ ಹಿಡಿದುಕೊಳ್ಳಿ.

ಇನ್ನೊಂದು ಎಚ್ಚರಿಕೆ. ಎರಿನ್ ಹಂಟರ್ ಒಬ್ಬರಲ್ಲ. ಕೇಟ್ ಕ್ಯಾರಿ, ಚೆರಿತ್ ಬಾಲ್ಡ್ರಿ, ಕಥೆ ರೂಪಿಸುತ್ತಿದ್ದ ಸಂಪಾದಕಿ ವಿಕ್ಟೋರಿಯಾ ಹೋಮ್ಸ್, ಹೀಗೆ ಹಲವರ ಕೂಟ. ಅದಕ್ಕೇ ಕಣ್ಣಿನ ಬಣ್ಣ ಪುಸ್ತಕದಿಂದ ಪುಸ್ತಕಕ್ಕೆ ಬದಲಾಗುತ್ತದೆ, ರೋವನ್‌ಕ್ಲಾ ಎಂಬ ಗಂಡು ಬೆಕ್ಕು ಮೊದಮೊದಲು ಹೆಣ್ಣಾಗಿದ್ದದ್ದೂ ಉಂಟು. ಇಂಥದ್ದು ಕಂಡರೆ ಸಿಟ್ಟಾಗುವವರು ಮೊದಲ ಆರ್ಕ್‌ಗೇ ನಿಲ್ಲಿಸಿ. ತಪ್ಪು ಹುಡುಕುವುದೇ ಆಟ ಅನ್ನುವ ಮಕ್ಕಳೂ ಇದ್ದಾರೆ, ಅವರಿಗೆ ಹಬ್ಬ.

ಯಾರಿಗೆ ಯಾವುದು, ಎಷ್ಟು ದುಡ್ಡಿಗೆ

ಎಂಟು ಒಂಬತ್ತರ ಮಗು, ಇಂಗ್ಲಿಷ್ ಓದು ಇನ್ನೂ ತಡವರಿಕೆ: ಗ್ರಾಫಿಕ್ ನಾವೆಲ್ ಒಂದು. ಹಿಡಿಸಿದರೆ ಅದೇ ಕಥೆಯ ಕಾದಂಬರಿ. ಕಥೆ ಗೊತ್ತಿರುವುದರಿಂದ ಓದು ಸಲೀಸು.

ಹತ್ತರಿಂದ ಹದಿಮೂರು, ಓದುವ ಚಟ ಇರುವವರು: ಮೊದಲ ಆರ್ಕ್‌ನ ಆರೂ ಪುಸ್ತಕದ ಬಾಕ್ಸ್ ಸೆಟ್. ಬಿಡಿಬಿಡಿಯಾಗಿ ಕೊಳ್ಳುವುದಕ್ಕಿಂತ ಸಾಮಾನ್ಯವಾಗಿ ಅಗ್ಗ. ಆದರೆ ‘ಇನ್‌ಟು ದ ವೈಲ್ಡ್’ ಒಂದನ್ನು ಓದಿಸಿ ನೋಡದೆ ಸೆಟ್ ತರಿಸಬೇಡಿ.

ಕೈ ಬಿಗಿ ಇದ್ದರೆ ಹಳೆ ಪುಸ್ತಕದ ಅಂಗಡಿ, ಬಾಡಿಗೆ ಲೈಬ್ರರಿ, ಶಾಲೆಯ ಲೈಬ್ರರಿ. ಬೆಂಗಳೂರಿನವರು ಚರ್ಚ್ ಸ್ಟ್ರೀಟಿನ ಅಂಗಡಿಗಳಲ್ಲಿ ಮಕ್ಕಳ ವಿಭಾಗ ಒಮ್ಮೆ ಕೆದಕಿ. ಇ-ಬುಕ್ ಕೂಡ ಇದೆ, ಆದರೆ ಹೆಸರಿನ ಪಟ್ಟಿಗೂ ನಕ್ಷೆಗೂ ಮತ್ತೆ ಮತ್ತೆ ಹೋಗಿಬರಬೇಕಾದ ಪುಸ್ತಕ ಇದು, ಮೊಬೈಲ್ ಪರದೆಯಲ್ಲಿ ರೇಜಿಗೆ ಹಿಡಿಸುತ್ತದೆ.

ದೊಡ್ಡವರು, ಒಂದು ಕುತೂಹಲಕ್ಕೆ: ಮೊದಲ ಆರ್ಕ್, ಆಮೇಲೆ ‘ಬ್ಲೂಸ್ಟಾರ್ಸ್ ಪ್ರಾಫೆಸಿ’. ಏಳು ಪುಸ್ತಕಕ್ಕೆ ಈ ಲೋಕದ ಒಳ್ಳೆಯದೆಲ್ಲ ಬಹುಪಾಲು ಸಿಕ್ಕಿಬಿಡುತ್ತದೆ.

ಮಗು ಆಗಲೇ ಯೂಟ್ಯೂಬಿನಲ್ಲಿ ಎಂಎಪಿ ನೋಡಿದ್ದರೆ ಯಾರು ಸಾಯುತ್ತಾರೆ ಅಂತ ಅದಕ್ಕೆ ಗೊತ್ತಿರುತ್ತದೆ. ಎಂಎಪಿ ಅಂದರೆ ಒಂದು ಹಾಡನ್ನು ತುಂಡು ಮಾಡಿ ಹಲವು ಅಭಿಮಾನಿಗಳು ಒಂದೊಂದು ತುಂಡಿಗೆ ಚಿತ್ರ ಬಿಡಿಸಿ ಜೋಡಿಸುವುದು. ಎಷ್ಟೋ ಚೆನ್ನಾಗಿರುತ್ತವೆ, ಗುಟ್ಟು ಮಾತ್ರ ಒಂದನ್ನೂ ಉಳಿಸುವುದಿಲ್ಲ. ಅಂಥ ಮಗುವಿಗೆ ಕ್ರಮದ ಚಿಂತೆ ಬೇಡ, ಮೆಚ್ಚಿನ ಬೆಕ್ಕು ಯಾವುದು ಅಂತ ಕೇಳಿ, ಅದು ಬರುವ ಪುಸ್ತಕ ಕೊಡಿಸಿ.

ಆರ್ಡರ್ ಮಾಡುವಾಗ ಒಂದು ನೋಡಿಕೊಳ್ಳಿ. ‘ದ ಪ್ರಾಫೆಸೀಸ್ ಬಿಗಿನ್’ ಎಂಬ ಹೆಸರು ಮೊದಲ ಆರ್ಕ್‌ಗೆ ಆಮೇಲೆ ಅಂಟಿಸಿದ್ದು. ಹಳೆಯ ಮುದ್ರಣಗಳ ಮೇಲೆ ಬರೀ ‘ವಾರಿಯರ್ಸ್’ ಅಂತ ಇರುತ್ತದೆ, ಕಥೆ ಅದೇ. ‘ದ ನ್ಯೂ ಪ್ರಾಫೆಸಿ’ ಬೇರೆ, ಅದು ಎರಡನೆಯದು. ಎರಡು ಹೆಸರಲ್ಲೂ ಪ್ರಾಫೆಸಿ ಇರುವುದರಿಂದ ಅದಲುಬದಲು ಆಗಿಬಿಡುತ್ತದೆ. ಮುಖಪುಟದಲ್ಲಿ ‘ಇನ್‌ಟು ದ ವೈಲ್ಡ್’ ಅಂತ ಇದೆಯಾ ನೋಡಿ, ಆಮೇಲೆ ದುಡ್ಡು ಕೊಡಿ.